ನೀರುಚಿಗಟಗಳ ಸಾಕುತಾಯಿ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಉದ್ದನೆಯ ಓಣಿಯಲ್ಲಿ ಇನ್ನೂ ದೀಪ ಹತ್ತಿಲ್ಲ. ಕೊನೆಯ ಕೋಣೆಯ ಬೀಗ ಮಾತ್ರ ಆಗಲೇ ತೆರೆದಿದೆ. ಬೂದುಬಣ್ಣದ ಮೇಲಂಗಿ ತೊಟ್ಟ ಹೆಂಗಸೊಬ್ಬರು ಗಾಜಿನ ಜಾಡಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನಿಂದಲೇ ನೋಡುತ್ತಿದ್ದಾರೆ. ನೀರಿನಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಜೀವಗಳು ಕುಪ್ಪಳಿಸುತ್ತಿವೆ. "ಏನ್ರಮ್ಮ, ಹೆತ್ತಿದ್ದೇ ಹೆತ್ತಿದ್ದಾ? ಎಣಿಸೋಳು ಒಬ್ಬಳೇ ಇದಾಳೆ ಅನ್ನೋ ಕರುಣೆ ಬೇಡ್ವಾ?" ಎಂದು ಅವುಗಳನ್ನು ಗದರುತ್ತಾರೆ.

ಇವರ ಕೆಲಸ ನೀರುಚಿಗಟ ಸಾಕುವುದು. ಕೆರೆಕುಂಟೆಗಳಲ್ಲಿ ಪಾಚಿ ತಿಂದು ಬದುಕುವ ಈ ಜೀವಿಯ ಮೈ ಗಾಜಿನಂತೆ ತಿಳಿ. ಹೊಟ್ಟೆಯೊಳಗಿನ ತುತ್ತೂ ಹೊರಗೆ ಕಾಣುತ್ತದೆ. ಆದಕಾರಣವೇ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ನ್ಯಾನೋಪ್ಲಾಸ್ಟಿಕ್ ಕಣಗಳು ಜೀವಿಯ ಮೈ ಸೇರುವುದೆಷ್ಟು, ಹೊರಬೀಳುವುದೆಷ್ಟು ಎಂದು ಅಳೆಯುವವರಿಗೆ ಇದು ಬೇಕೇ ಬೇಕು. ನಲವತ್ತೆರಡು ಜಾಡಿಗಳು, ಒಂದೊಂದರಲ್ಲಿ ಇಪ್ಪತ್ತು ತಾಯಂದಿರು. ದಿನಕ್ಕೆರಡು ಬಾರಿ ಪಾಚಿನೀರು, ದಿನ ಬಿಟ್ಟು ದಿನ ಹೊಸ ನೀರು. ಇವರಿಗೆ ಭಾನುವಾರವೆಂಬುದಿಲ್ಲ. ಸಹೋದ್ಯೋಗಿಗಳು ಇಟ್ಟ ಹೆಸರು 'ಚಿಗಟದಮ್ಮ'. "ಇಲ್ಲಿ ಎಲ್ಲಾ ಹೆಣ್ಣೇ. ತಾಯಿ, ಮಗಳು, ಮೊಮ್ಮಗಳು. ಗಂಡಿಲ್ಲದೇನೇ ಹೆರ್ತವೆ. ಗಂಡು ಕಾಣಿಸ್ಕೊಂಡ ಅಂದ್ರೆ ಊಟನೋ ನೀರೋ ಕೆಟ್ಟಿದೆ ಅಂತ ಅರ್ಥ," ಎಂದು ನಗುತ್ತಾರೆ.

ಮೂವತ್ತೊಂದು ವರ್ಷಗಳ ಹಿಂದೆ ಅವರು ಇಲ್ಲಿಗೆ ಸೀಸೆ ತೊಳೆಯಲು ಬಂದವರು. ಆಗ ಮರದ ಮುಕ್ಕಾಲಿಗಳು, ಸ್ಪಿರಿಟ್ ದೀಪದ ವಾಸನೆ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ದೊಡ್ಡ ಮೇಷ್ಟ್ರು. ಭೂತಗನ್ನಡಿಯನ್ನು ಅವರ ಕೈಗಿತ್ತು, "ನೋಡಮ್ಮ, ಹೃದಯ ಕಾಣತ್ತಾ?" ಎಂದು ಕೇಳಿದವರು ಆ ಮೇಷ್ಟ್ರೇ. ಬೆನ್ನಿನ ಬಳಿ ಮಿಡಿಯುತ್ತಿದ್ದ ಚುಕ್ಕಿಯನ್ನು ಕಂಡು ಅವರು ಸೀಸೆಗಳನ್ನೇ ಮರೆತರು. ಮೇಷ್ಟ್ರು ಅಂದು ಕೊಟ್ಟ ಒಂದು ಜಾಡಿಯ ಸಂತತಿ ಸಾವಿರ ತಲೆಮಾರುಗಳನ್ನು ದಾಟಿ ಇಂದಿಗೂ ಈಜುತ್ತಿದೆ, ಮೇಷ್ಟ್ರು ಇಲ್ಲ. "ಈಗ ಯಾರೂ ಹೃದಯ ನೋಡಲ್ಲ. ಯಂತ್ರ ಅಂಕಿ ಕೊಡತ್ತೆ, ಅಂಕಿ ನೋಡ್ತಾರೆ," ಎನ್ನುವಾಗ ಅವರ ದನಿ ತಗ್ಗುತ್ತದೆ.

ಒಂದು ಬೇಸಿಗೆಯಲ್ಲಿ ಮೂರು ದಿನ ವಿದ್ಯುತ್ ಇಲ್ಲದೆ ಕೋಣೆ ಕಾದ ಬಾಣಲೆಯಾಯಿತು. ಒದ್ದೆ ಬಟ್ಟೆ ಸುತ್ತಿದ ಹನ್ನೆರಡು ಜಾಡಿಗಳನ್ನು ಬಸ್ಸಿನಲ್ಲಿ ಒಯ್ದು ಮನೆಯ ಮಂಚದ ಕೆಳಗಿಟ್ಟರು. "ಚಿಗಟ ಓಡಿಸೋ ಸೊಸೇರನ್ನ ನೋಡಿದೀನಿ. ಹೊತ್ಕೊಂಡು ಬರೋಳು ಇವಳೊಬ್ಬಳೇ," ಎಂದು ಅತ್ತೆ ಹಂಗಿಸಿದರು, ಹಂಗಿಸುತ್ತಲೇ ಗಂಟೆಗೊಮ್ಮೆ ಬಟ್ಟೆ ನೆನೆಸಿದವರೂ ಅವರೇ.

ಅಂತಹ ಸಂತತಿಯ ಮೇಲೆ ಕಳೆದ ವರ್ಷ ಅಪವಾದ ಬಂತು. ಹೊಳೆಯುವ ಬಣ್ಣ ಹಾಕಿದ ಪ್ಲಾಸ್ಟಿಕ್ ಕಣಗಳ ನೀರಿನಲ್ಲಿ ಚಿಗಟಗಳನ್ನು ಒಂದು ದಿನ ಇಟ್ಟು, ಬಳಿಕ ಶುದ್ಧ ನೀರಿಗೆ ಬಿಟ್ಟು ಹೊಳಪು ಇಳಿಯುವುದನ್ನು ಅಳೆಯುವುದು ಪ್ರಯೋಗ. ಹೊಳಪು ಇಳಿಯಲೇ ಇಲ್ಲ. ಮೂರು ಸಲ ಮಾಡಿದರೂ ಅದೇ ಪಾಡು. ವಿಭಾಗದ ಮುಖ್ಯಸ್ಥೆ ಒಂದು ಬೆಳಿಗ್ಗೆ ಕೋಣೆಗೆ ಬಂದರು.

"ತಳಿ ಹಳೇದಾಗಿ ಕೆಟ್ಟಿದೆ ಅಮ್ಮ. ತಿಂಗಳ ಕೊನೇಲಿ ಬಿಸಿನೀರು ಹುಯ್ದು ಎಲ್ಲಾ ಚೆಲ್ಲಿಬಿಡಿ. ಹೊರಗಿಂದ ಮೊಟ್ಟೆ ತರಿಸ್ತೀವಿ."

ಚಿಗಟದಮ್ಮ ಕೈಯಲ್ಲಿದ್ದ ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟರು. "ಚೆಲ್ಲೋಣ ಮೇಡಂ. ಅದಕ್ಕೆ ಮುಂಚೆ ಒಂದು ಕೇಳ್ಲಾ? ಶುದ್ಧ ನೀರಲ್ಲಿ ಅವಕ್ಕೆ ತಿನ್ನೋಕೆ ಏನು ಹಾಕಿದ್ರಿ?"

"ಏನೂ ಇಲ್ಲ. ಪಾಚಿನೂ ಸೂಕ್ಷ್ಮದರ್ಶಕದ ದೀಪಕ್ಕೆ ಹೊಳೆಯತ್ತೆ, ಅಳತೆ ಕೆಡತ್ತೆ."

"ಅಲ್ಲೇ ಎಡವಟ್ಟಾಗಿದ್ದು. ಉಪವಾಸ ಕೆಡವಿ ಹೊಟ್ಟೆ ಖಾಲಿ ಮಾಡು ಅಂದ್ರೆ ಹೇಗೆ ಮಾಡತ್ತೆ? ಮುಂದಿನ ತುತ್ತು ಒಳಗೆ ಬಂದ್ರೇನೇ ಹಿಂದಿನದು ಜಾಗ ಬಿಡೋದು. ಊಟ ತಪ್ಪಿದ ದಿನ ಇವುಗಳ ಹೊಟ್ಟೆ ಮಾರನೇ ಬೆಳಿಗ್ಗೇನೂ ಹಸಿರಾಗೇ ಇರತ್ತೆ. ಎಷ್ಟು ಸಲ ನೋಡಿಲ್ಲ ನಾನು!"

ಮುಖ್ಯಸ್ಥೆ ಜಾಡಿಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮರುದಿನ ಪಾಚಿಯ ಹೊಳಪನ್ನು ಬೇರ್ಪಡಿಸಿ ತೋರಿಸುವ ಗಾಜೊಂದನ್ನು ಸೂಕ್ಷ್ಮದರ್ಶಕಕ್ಕೆ ಕೂಡಿಸಿ, ಶುದ್ಧ ನೀರಿಗೆ ಪಾಚಿ ಬೆರೆಸಿ ಮತ್ತೆ ನೋಡಿದರು. ಅರ್ಧ ಗಂಟೆಯೊಳಗೆ ಹೊಟ್ಟೆಯ ಹೊಳಪು ಹೊಸ ತುತ್ತು ತಳ್ಳಿದಂತೆಲ್ಲ ಹೊರಕ್ಕೆ ಜಾರತೊಡಗಿತು. ಸಂಜೆಗೆ ಬಹುಪಾಲು ಹೊರಬಿದ್ದಿತ್ತು. ಪೂರ್ತಿಯಾಗಿ ಅಲ್ಲ. ಒಂದು ಮಸುಕು ಎಳೆ ಮೂರನೆಯ ದಿನವೂ ಉಳಿದಿತ್ತು. "ಅದು ಹೋಗಲ್ಲ ಅಂತ ಕಾಣತ್ತೆ. ಪಾಪ, ಅವೇನು ಬೇಕು ಅಂತ ತಿಂದ್ವಾ?" ಎಂದು ಚಿಗಟದಮ್ಮ ಈಗಲೂ ನಿಟ್ಟುಸಿರಿಡುತ್ತಾರೆ.

ಚೆಲ್ಲುವ ಆದೇಶ ರದ್ದಾಯಿತು. ಬರುವ ತಿಂಗಳು ಅವರು ನಿವೃತ್ತರಾಗುತ್ತಾರೆ. ಜಾಡಿಗಳು ಇಲ್ಲಿಯೇ ಇರುತ್ತವೆ. ಅಚ್ಚಿಗೆ ಹೋಗುತ್ತಿರುವ ಪ್ರಬಂಧದಲ್ಲಿ ಅವರ ಹೆಸರನ್ನು ಸೇರಿಸುವುದಾಗಿ ಮುಖ್ಯಸ್ಥೆ ಹೇಳಿದಾಗ, ಚಿಗಟದಮ್ಮ ಒದ್ದೆ ಕೈಯನ್ನು ಮೇಲಂಗಿಗೆ ಒರೆಸಿಕೊಂಡರು.

"ನನ್ನ ಹೆಸರು ಯಾಕೆ ಮೇಡಂ? ತಪ್ಪು ಅವುಗಳದ್ದಲ್ಲ ಅಂತ ಒಂದು ಸಾಲು ಬರೀರಿ. ಅಷ್ಟು ಸಾಕು."