ಬಾಳುಕಾಕಾ ಬೆರೆಸಿದ ಪೆಟ್ರೋಲ್

ಬಿಸಿಲು ಬಲಿಯುವ ದಿನಗಳಲ್ಲಿ ಅಥಣಿಯಿಂದ ಕಾಗವಾಡದ ಕಡೆಗೆ ಬಸ್ಸಿನಲ್ಲಿ ಹೊರಟರೆ, ಊರು ಇನ್ನೂ ದೂರ ಇರುವಾಗಲೇ ಕಿಟಕಿಯೊಳಗೆ ಒಂದು ವಾಸನೆ ನುಗ್ಗುತ್ತದೆ. ಸಿಹಿಯೂ ಹೌದು, ಸಾಬೂನಿನಂಥದೂ ಹೌದು, ಅದರ ಅಡಿಗೆ ಸ್ವಲ್ಪ ಕಮಟು. ರಸ್ತೆಯ ಎರಡೂ ಕಡೆ ಹಸಿರು ಬಲೆ ಹೊದ್ದ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತಿರುತ್ತದೆ. ಒಣಹಾಕುವ ಮೊದಲು ಹಣ್ಣನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯಬೇಕು. ಸಿಪ್ಪೆಯ ಮೇಲಿನ ಮೇಣ ಬಿಟ್ಟರೆ ಬೇಗ ಒಣಗುತ್ತದೆ, ಬಣ್ಣವೂ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಡಿಪ್ಪಿಂಗ್ ಎಣ್ಣೆ ಎನ್ನುತ್ತಾರೆ. ಬಹಳ ವರ್ಷ ನಾನು ಆ ವಾಸನೆ ಬಂತೆಂದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. ನನಗೆ ಬಸ್ಸಿನ ಪ್ರಯಾಣ ಆಗಿಬರುವುದಿಲ್ಲ ಎಂದುಕೊಂಡು ಪಕ್ಕದವರು ಪಾಪ ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದರು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಬಂದ ಕೂಡಲೇ ಇಲ್ಲದ ಮನೆಯೊಂದರ ಬಾಗಿಲು ತೆರೆಯುತ್ತದೆ. ಒಳಗೆ ಹೋಗಲು ಆಸೆ, ಹೋದರೆ ಯಾರೋ ಹೆಸರು ಹಿಡಿದು ಕರೆದಾರು ಎಂಬ ಅಂಜಿಕೆ.

ನಮ್ಮ ಮನೆ ಕಾಗವಾಡದಿಂದ ಶೇಡಬಾಳಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿತ್ತು. ಮಣ್ಣಿನ ಮಾಳಿಗೆ, ಕೈಗೆ ಸದಾ ತಂಪು ಹತ್ತುವ ದಪ್ಪ ಗೋಡೆ, ಮುಂದೆ ದನ ಕಟ್ಟುವ ಜಾಗ, ದಾಟಿದರೆ ಪಡಸಾಲೆ. ಹಿತ್ತಲಿನಾಚೆ ನಮ್ಮದೇ ದ್ರಾಕ್ಷಿ, ಅದರ ಅಂಚಿಗೆ ಒಣಹಾಕುವ ಶೆಡ್ಡು. ಹಂಗಾಮಿನಲ್ಲಿ ಮನೆಯವರೆಲ್ಲ ಅಲ್ಲೇ ಇರುತ್ತಿದ್ದರು. ಅವ್ವ, ಕಾಕಿ ಹಣ್ಣು ಅದ್ದುವವರು, ಅಪ್ಪ ಬಲೆಯ ಮೇಲೆ ಹರಡುವವನು, ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನೆರಳಲ್ಲಿ ಕೂತು ಕೋಲಿನಿಂದ ಹಕ್ಕಿ ಓಡಿಸುವವಳು. ಹಕ್ಕಿಗಿಂತ ಹೆಚ್ಚು ಅವಳು ಬೈಯುತ್ತಿದ್ದದ್ದು ಇಬ್ಬರು ಗಂಡಸರನ್ನು. ಒಬ್ಬ ಅವಳ ಕಿರಿಯ ಮಗ ಬಾಳುಕಾಕಾ. ಇನ್ನೊಬ್ಬ ನನ್ನ ಅಣ್ಣ ರಾವಸಾಬ. ನಾನು ಅವನನ್ನು ದಾದಾ ಎನ್ನುತ್ತೇನೆ. ಇಬ್ಬರಿಗೂ ವಯಸ್ಸಿನಲ್ಲಿ ಬಹಳ ಅಂತರವಿರಲಿಲ್ಲ. ಕಾಕಾ ಎನ್ನುವುದು ಕರೆಯಲಿಕ್ಕೆ ಮಾತ್ರ, ಉಳಿದಂತೆ ಜೋಡಿ ಎತ್ತು. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಇಡೀ ದಿನ ಜಗಳಾಡುತ್ತಿದ್ದರು, ಜಗಳವೇ ಅವರ ಮಾತು.

ಅಪ್ಪ ಬಿಟ್ಟುಬಿಟ್ಟಿದ್ದ ಹಳೇ ಟು-ಸ್ಟ್ರೋಕ್ ಮೋಟರ್‌ಸೈಕಲ್ಲನ್ನು ಇವರಿಬ್ಬರೂ ಸೇರಿ ರೇಸಿನ ಗಾಡಿ ಮಾಡಿದರು. ಆಗ ರಾಜ್ಯದ ಗಡಿಯಾಚೆ, ಕಬ್ಬು ಕಡಿದು ಖಾಲಿಯಾದ ಹೊಲಗಳಲ್ಲಿ ಮಣ್ಣಿನ ದಿಬ್ಬ ಹಾಕಿ ಬೈಕ್ ಓಡಿಸುವ ಹುಚ್ಚು ಹುಡುಗರಿಗೆ ಹತ್ತಿತ್ತು. ಇವರು ಮಡ್‌ಗಾರ್ಡ್ ಕತ್ತರಿಸಿದರು, ಸೈಲೆನ್ಸರ್ ಮೇಲಕ್ಕೆತ್ತಿ ಕಟ್ಟಿದರು, ಮಣ್ಣು ಕಚ್ಚುವ ಗುಬುಟು ಗುಬುಟಾದ ಟಾಯರ್ ಹಾಕಿದರು. ಗಾಡಿ ಶುರುವಾದರೆ ಶೆಡ್ಡಿನ ತುಂಬ ನೀಲಿ ಹೊಗೆ. "ನನ್ನ ದ್ರಾಕ್ಷಿಗೆ ಹೊಗಿ ಹಾಕ್ತೀರೇನ್ರೋ, ಮಸಡಿಗೆ ಬೆಂಕಿ ಬೀಳಲಿ ನಿಮ್ಮ!" ಎಂದು ಆಯಿ ಕೋಲು ಎತ್ತುತ್ತಿದ್ದಳು. ಆ ಇಂಜಿನ್ನಿಗೆ ಬರೀ ಪೆಟ್ರೋಲ್ ನಡೆಯುವುದಿಲ್ಲ, ಅಳತೆಯಂತೆ ಅದರದೇ ಕೆಂಪು ಆಯಿಲ್ ಬೆರೆಸಬೇಕು. ಬೆರೆಸುವ ಕೆಲಸ ಕಾಕಾನದು. ಆಯಿಲ್ ತುಟ್ಟಿ ಎಂದು ಬಾಟಲಿಯನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದ. ಮುಚ್ಚಳವನ್ನು ಬೆಳಕಿಗೆ ಹಿಡಿದು ಅಳೆದು, ಸುರಿದ ಮೇಲೆ ಮುಚ್ಚಳಕ್ಕೆ ಅಂಟಿದ ಹನಿಯನ್ನೂ ತಟ್ಟಿ ಬಾಟಲಿಗೇ ವಾಪಸು ಬಿಡುತ್ತಿದ್ದ. ದಾದಾ ಅದನ್ನು ನೋಡಿ, "ಕಾಕಾ, ಅದೇನ ಆಯಿಲ್ಲೋ ಗಂಗಾತೀರ್ಥೋ?" ಎಂದರೆ, "ನಿಮ್ಮಪ್ಪ ಬಾವಿ ತುಂಬ ಆಯಿಲ್ ಇಟ್ಟಾನೇನ, ಸುಮ್ನ ಕೂಡ್ರ" ಎನ್ನುತ್ತಿದ್ದ. ನಾನು ಇದನ್ನೆಲ್ಲ ನೋಡುತ್ತ ಅವರ ಕಾಲಡಿಯಲ್ಲೇ ಬೆಳೆದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಶಾಲೆಯ ಪಾಠ ಒಂದೂ ನೆನಪಿಲ್ಲ, ಆ ಶೆಡ್ಡಿನಲ್ಲಿ ಕೇಳಿದ ಮಾತು ಒಂದೂ ಮರೆತಿಲ್ಲ.

ಒಂದು ಹಂಗಾಮಿನಲ್ಲಿ ರೇಸಿನ ಹಿಂದಿನ ದಿನ ಕಾಕಾ ಪೆಟ್ರೋಲ್ ಬೆರೆಸಿ ಡಬ್ಬಿಯನ್ನು ಶೆಡ್ಡಿನ ಕಲ್ಲಿನ ಮೇಲೆ ಇಟ್ಟುಹೋದ. ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ನಾನು ಗಾಡಿಯ ಮೇಲೆ ಹತ್ತಿ ಕೂತು, ಬಾಯಿಯಿಂದಲೇ ಸಪ್ಪಳ ಮಾಡುತ್ತ ರೇಸ್ ಓಡಿಸಿದೆ. ದಿಬ್ಬ ಹಾರಿದಂತೆ ಕಾಲು ಬೀಸಿದಾಗ ಡಬ್ಬಿ ಉರುಳಿತು. ನಾನು ಇಳಿದು ಎತ್ತುವಷ್ಟರಲ್ಲಿ ಮಣ್ಣು ಎಲ್ಲವನ್ನೂ ಕುಡಿದುಬಿಟ್ಟಿತ್ತು. ಬಾವಿಯ ಸಣ್ಣ ಇಂಜಿನ್ನಿಗೆಂದು ಇಟ್ಟ ಬರೀ ಪೆಟ್ರೋಲ್ ಅಲ್ಲೇ ಇನ್ನೊಂದು ಡಬ್ಬಿಯಲ್ಲಿತ್ತು, ಅದನ್ನು ಖಾಲಿಯಾದ ಡಬ್ಬಿಗೆ ಸುರಿದೆ. ಆಯಿಲ್ ಬೇಕೆಂದು ನನಗೆ ಗೊತ್ತು, ಆದರೆ ಅದು ಟ್ರಂಕಿನಲ್ಲಿ. ಪಕ್ಕದ ಡ್ರಮ್ಮಿನಲ್ಲಿ ಡಿಪ್ಪಿಂಗ್ ಎಣ್ಣೆ ಇತ್ತು. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡೆ. ಅದನ್ನೇ ಮುಚ್ಚಳದಲ್ಲಿ, ಕಾಕಾನ ಹಾಗೆಯೇ ಬೆಳಕಿಗೆ ಹಿಡಿದು ಅಳೆದು ಹಾಕಿ ಅಲುಗಾಡಿಸಿದೆ. ಮರುದಿನ ಮುಂಜಾನೆ ಟೆಂಪೋಗೆ ಗಾಡಿ ಏರಿಸುವಾಗ ಕಾಕಾ ಡಬ್ಬಿ ಎತ್ತಿಕೊಂಡ. ಎಲ್ಲ ತಪ್ಪಿಸುವ ಆ ಒಂದು ಗಳಿಗೆ ನನ್ನ ಕೈಯಲ್ಲಿತ್ತು. ಬಾಯಿ ತೆರೆದಿದ್ದರೆ ಅವ್ವನಿಂದ ಎರಡು ಏಟು ಬೀಳುತ್ತಿದ್ದವು, ಅಷ್ಟೇ. ದಾದಾ ಟೆಂಪೋದ ಮೇಲಿಂದ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನೂ ನಕ್ಕೆ.

ಇಂಜಿನ್ ಜಾಮ್ ಆದದ್ದು ದಿಬ್ಬ ಹಾರಿ ಇಳಿಯುವಾಗ. ಹಿಂದಿನ ಗಾಲಿ ನಿಂತಲ್ಲೇ ಹಿಡಿದು ದಾದಾ ಮುಂದಕ್ಕೆ ಬಿದ್ದ. ಮಿರಜಿನ ದವಾಖಾನೆಯಿಂದ ಬಂದಾಗ ಅವನ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ, ಇವತ್ತಿಗೂ ಮಡಚುವುದಿಲ್ಲ. ಪೆಟ್ರೋಲಿನಲ್ಲಿ ಆಯಿಲ್ ಕಡಿಮೆಯಾದರೆ ಹೀಗೆ ಜಾಮ್ ಆಗುತ್ತದೆ ಎಂದು ತಿಳಿದವರೆಲ್ಲ ಹೇಳಿದರು. ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ್ದ ದಾದಾ ಎಲ್ಲರ ಮುಂದೆ ಕಾಕಾನಿಗೆ, "ಒಂದ ಮುಚ್ಚಳ ಉಳಿಸಾಕ ಹೋಗಿ ನನ್ನ ಕಾಲ ತಗೊಂಡಿ" ಎಂದ. ಮೊದಲ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಕಾಕಾ, "ನಾ ಆಯಿಲ್ ಹಾಕೇನಪಾ" ಎಂದ. ಒಂದೇ ಸಲ ಎಂದ, ಅದೂ ನೆಲ ನೋಡುತ್ತ. ಮುಚ್ಚಳದ ಹನಿಯನ್ನೂ ಬಿಡದವನ ಮಾತನ್ನು ಯಾರು ನಂಬುತ್ತಾರೆ? ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಕೇಳಿಸಿಕೊಂಡು ಹಿತ್ತಲಿಗೆ ಹೋದೆ. ಆಮೇಲೆ ಒಂದೇ ತಟ್ಟೆಯ ಊಟ ನಿಂತಿತು. ಸ್ವಲ್ಪ ದಿನಕ್ಕೆ ಒಲೆ ಎರಡಾದವು, ಪಡಸಾಲೆಯ ನಡುವೆ ಗೋಡೆ ಬಂತು. ಆಯಿ ಮುಂಜಾನೆ ನಮ್ಮಲ್ಲಿ, ಸಂಜೆ ಅವರಲ್ಲಿ ಉಣ್ಣತೊಡಗಿದಳು. ಕೊನೆಗೆ ಕಾಕಾ ತನ್ನ ಪಾಲು ಅಪ್ಪನಿಗೇ ಬಿಟ್ಟು, ರಾಯಬಾಗದ ಹತ್ತಿರ ಕಾಕಿಯ ತವರಿನ ಕಡೆ ಕಬ್ಬಿನ ಹೊಲ ಹಿಡಿದು ಹೋದ. ಆಯಿ ತೀರಿಕೊಂಡಾಗ ಬಂದ, ಹೆಗಲು ಕೊಟ್ಟ, ನೀರು ಕುಡಿಯದೆ ಹೊರಟ. ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿಯಿತು. ಈಗ ದಾದಾ ಅದೇ ಜಾಗದಲ್ಲಿ ಸಿಮೆಂಟಿನ ಎರಡು ಕೋಣೆ ಹಾಕಿಕೊಂಡಿದ್ದಾನೆ.

ಹೋದ ವರ್ಷ ದಾದಾ ಹಳೇ ಶೆಡ್ಡಿನ ಕಬ್ಬಿಣದ ಜೊತೆಗೆ ಮೂಲೆಯಲ್ಲಿ ಕೊಳೆಯುತ್ತಿದ್ದ ಗಾಡಿಯನ್ನೂ ಗುಜರಿಗೆ ಹಾಕಲು ಹೊರಟ. ನಾನು ಬೇಡ, ನನಗೆ ಕೊಡು, ಸರಿಮಾಡೋಣ ಎಂದೆ. ರವಿಕೆ ಹೊಲಿದು ಬದುಕುವವಳು ನಾನು. "ಹುಚ್ಚಿ, ಜಂಪರ್ ಹೊಲ್ಯಾಕಿ ನೀ. ಗಾಡಿ ತಗೊಂಡ ಅದಕ್ಕೂ ಜಂಪರ್ ಹೊಲಿತಿ ಏನ?" ಎಂದು ನಕ್ಕ. ನಕ್ಕರೂ ಸಂಜೆಯೊಳಗೆ ಅದರ ಮೇಲಿನ ಕಸ ಝಾಡಿಸಿದ್ದ. ನನ್ನ ಮನಸ್ಸಿನಲ್ಲಿದ್ದದ್ದನ್ನು ನಿಮಗೆ ಮುಚ್ಚಿಡುವುದಿಲ್ಲ. ಗಾಡಿ ಮತ್ತೆ ಓಡಿದರೆ ಬಾಯಿಬಿಟ್ಟು ಹೇಳದೆಯೇ ನನ್ನ ತಪ್ಪಿನ ಋಣ ತೀರಿಹೋಗುತ್ತದೆ ಎಂದುಕೊಂಡಿದ್ದೆ. ಅಥಣಿಯ ಕಡೆ ನಾನು ಈಗ ಇರುವ ಊರಿನಿಂದ ಭಾನುವಾರ ಬಂದು ಸಂಜೆ ಹೋಗುತ್ತಿದ್ದೆ. ಇಬ್ಬರ ಹತ್ತಿರವೂ ದುಡ್ಡಿಲ್ಲ, ಹಾಗಾಗಿ ಕೈಯಿಂದ ಆಗುವುದನ್ನೆಲ್ಲ ಕೈಯಿಂದಲೇ ಮಾಡಿದೆವು. ಟ್ಯಾಂಕಿನೊಳಗಿನ ಜಂಗಿಗೆ ಹುಣಸೆನೀರು ತುಂಬಿಟ್ಟು, ಮರುವಾರ ಒಳಗೆ ಸಣ್ಣ ಕಲ್ಲಿನ ಕಡಿ ಹಾಕಿ, ಗೋಣಿಚೀಲ ಸುತ್ತಿ ಮಗುವನ್ನು ತೂಗಿದಂತೆ ಇಬ್ಬರೂ ತೂಗಿದೆವು. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಇಟ್ಟಿಗೆಪುಡಿ, ಚಿಮಣಿ ಎಣ್ಣೆಯಲ್ಲಿ ತಿಕ್ಕಿದೆ. ಚೈನನ್ನು ಡೀಸೆಲ್ಲಿನಲ್ಲಿ ನೆನೆಹಾಕಿದರೆ ಕೊಂಡಿ ಕೊಂಡಿಯಾಗಿ ಬಿಟ್ಟುಕೊಂಡಿತು. ಹ್ಯಾಂಡಲ್ಲು ಮಿರಜಿನ ಗುಜರಿಯಲ್ಲಿ ಸಿಕ್ಕಿತು, ಕ್ಲಚ್ಚಿನ ಪ್ಲೇಟು ನಿಪ್ಪಾಣಿಯಲ್ಲಿ, ಅರ್ಧ ಸವೆದ ಟಾಯರು ಕೊಲ್ಹಾಪುರದ ಕಡೆ ರೇಸ್ ಆಡುವ ಹುಡುಗನೊಬ್ಬನ ಹತ್ತಿರ. ಕೊಳ್ಳಲೇಬೇಕಾದ ಸಾಮಾನಿಗೆ ಮುಂದಿನ ಹೊಲಿಗೆಯ ಕೂಲಿ ಬರುವ ತನಕ ಕಾಯುತ್ತಿದ್ದೆವು. ಕಾಯುವ ವಾರಗಳಲ್ಲಿ ದಾದಾ ಸುಮ್ಮನೆ ಗಾಡಿಯ ಮುಂದೆ ಕಟ್ಟಿಗೆಯ ಮಣೆ ಹಾಕಿಕೊಂಡು, ಮಡಚದ ಕಾಲು ಚಾಚಿ ಕೂತಿರುತ್ತಿದ್ದ ಎಂದು ಅತ್ತಿಗೆ ಹೇಳುತ್ತಿದ್ದಳು.

ಒಂದು ಭಾನುವಾರ ಇಂಜಿನ್ ಬಿಚ್ಚಿದೆವು. ಪಿಸ್ಟನ್ನು ಹೊರಗೆ ಬರಲು ಬಹಳ ಸತಾಯಿಸಿತು. ಬಂದಾಗ ಅದರ ಮೈತುಂಬ ಉದ್ದುದ್ದ ಗೀರು, ಯಾರೋ ಉಗುರಿನಿಂದ ಪರಚಿದ ಹಾಗೆ. ದಾದಾ ಅದನ್ನು ಅಂಗೈ ಮೇಲೆ ಹೊರಳಿಸಿ, "ನೋಡ, ನಮ್ಮ ಕಾಕಾನ ಕೆಲಸ" ಎಂದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಊರ ಹೆಸರು ಹೇಳುವಷ್ಟು ಸಹಜವಾಗಿ ಹೇಳಿದ. ಆ ಸಹಜತೆಯನ್ನೇ ನನಗೆ ತಡೆಯಲಾಗಲಿಲ್ಲ. "ಕಾಕಾಂದಲ್ಲ ದಾದಾ, ನಂದು" ಎಂದೆ. ಡಬ್ಬಿ ಉರುಳಿದ್ದು, ಡ್ರಮ್ಮಿನ ಎಣ್ಣೆ, ಬಾಗಿಲ ಹಿಂದೆ ನಿಂತದ್ದು, ಎಲ್ಲ ಹೇಳಿ ಮುಗಿಸಿದೆ. ಅವನು ಪಿಸ್ಟನ್ನನ್ನು ಬಟ್ಟೆಯ ಮೇಲಿಟ್ಟ. ಎದ್ದುಹೋಗಿ ಕೈಯನ್ನು ಚಿಮಣಿ ಎಣ್ಣೆಯಿಂದ ತೊಳೆದ, ಸಾಬೂನಿನಿಂದ ತೊಳೆದ, ಬೆರಳ ಸಂದಿಯನ್ನೆಲ್ಲ ತಿಕ್ಕಿ ಮತ್ತೆ ತೊಳೆದ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಗೆದ ಅಂಗಿ ಹಾಕಿಕೊಂಡು ಬಂದು, "ಇದನ್ನ ನನ್ನ ಮುಂದ ಹೇಳಿ ಏನ ಉಪಯೋಗ? ಹತ್ತ ಸ್ಕೂಟಿ" ಎಂದ. ಸ್ಕೂಟಿಯನ್ನು ರಾಯಬಾಗದ ದಾರಿಗೆ ತಿರುಗಿಸಿದ.

ಕಾಕಾ ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಕುಡಗೋಲು ಕೆಳಗಿಟ್ಟು, "ಯಾಕ್ರಪಾ, ಎಲ್ಲಾರೂ ಆರಾಮ ಅದಾರಲ್ಲ?" ಎಂದ. ಸಾವಿನ ಸುದ್ದಿ ತಂದಿದ್ದೇವೆ ಎಂದುಕೊಂಡಿದ್ದ. ಕಾಕಿ ನೀರು ತಂದಳು. ನಾನು ತಂಬಿಗೆ ಮುಟ್ಟದೆ, ನಿಂತೇ ಎಲ್ಲ ಹೇಳಿದೆ. ಕಾಕಾ ಕೇಳಿದ್ದು ನಾನು ಎಂದೂ ನಿರೀಕ್ಷಿಸದ ಮಾತು.

"ಸುಮಿ, ನೀ ಚೆಲ್ಲಿದ್ದು ಯಾವ ಬಣ್ಣ ಇತ್ತು? ನೆನಪ ಐತಿ?"

"ಕೆಂಪಗ ಇತ್ತು ಕಾಕಾ. ನಮ್ಮ ಬೆಲ್ಲದ ಚಹಾದ್ದಂಗ."

"ಖರೇನ? ತೆಳ್ಳಗ ಇರಲಿಲ್ಲಲ್ಲ?"

"ಇರಲಿಲ್ಲ. ಒಣಗಿದ ಮ್ಯಾಲ ಮಣ್ಣ ಜಿಡ್ಡ ಜಿಡ್ಡ ಆಗಿತ್ತು. ಕಾಲಿಲೆ ತಿಕ್ಕಿ ಮುಚ್ಚೀನಿ."

ಕಾಕಾ ದನಕ್ಕೆ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕೂತ. "ಅಂದ್ರ ಆಯಿಲ್ ನಾ ಹಾಕಿದ್ದೆ," ಎಂದ, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ದಾದಾನ ಕಡೆ ತಿರುಗಿದ. "ಆವತ್ತ ಬಾಟಲಿ ಮುಗ್ಯಾಕ ಬಂದಿತ್ತ ರಾವಸಾಬ. ಒಂದ ಮುಚ್ಚಳ ಉಳಸೂಣು ಅನಿಸಿತ್ತ ನನಗ. ಅನಿಸಿದ್ದ ನೆನಪೈತಿ, ಉಳಸೇನೋ ಹಾಕೇನೋ ಅದು ನೆನಪಾಗಲಿಲ್ಲ. ನೀ ಅಂದಾಗ ನನಗ ಖಾತ್ರಿ ಇರಲಿಲ್ಲಪಾ. ಇದ್ದಿದ್ರ ಜಗಳಾ ಮಾಡದ ಬಿಡ್ತಿದ್ದೆನ? ನನ್ನ ಕೈಯಾರೆ ನಿನ್ನ ಕಾಲ ಮುರದೆ ಅಂತ ತಿಳಕೊಂಡ ಮನಿ ಬಿಟ್ಟೆ." ದಾದಾ ಹೋಗಿ ಅದೇ ಕಟ್ಟೆಯ ಮೇಲೆ, ಕಾಲು ಚಾಚಿ, ಅವನ ಪಕ್ಕ ಕೂತ. ತಪ್ಪಾಯಿತು ಎಂದು ಅವರಲ್ಲಿ ಯಾರೂ ಅನ್ನಲಿಲ್ಲ, ನಮ್ಮ ಮನೆಯಲ್ಲಿ ಆ ಮಾತಿನ ರೂಢಿಯೇ ಇಲ್ಲ. ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖವನ್ನೆಲ್ಲ ಒರೆಸಿಕೊಂಡು, ನನ್ನ ಕಡೆ ನೋಡಿ, "ದ್ರಾಕ್ಷಿ ಎಣ್ಣಿ ಹಾಕಿದ್ದೇನ ಲೇ ಮಂಗ್ಯಾ? ಪಿಸ್ಟನ್ ಒಣಗಿ ಮಣೂಕ ಆಗಲಿಲ್ಲಲ್ಲ, ನಮ್ಮ ಪುಣ್ಯಾ!" ಎಂದ. ಕಾಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಮಾತ್ರ ಆಗ ಅತ್ತೆ. ಹೊಟ್ಟೆಯಲ್ಲಿ ಕಲ್ಲು ಹೊತ್ತವಳು ನಾನೊಬ್ಬಳೇ ಎಂದುಕೊಂಡು ಬಂದಿದ್ದೆ, ನನ್ನದಕ್ಕಿಂತ ದೊಡ್ಡದೊಂದು ಅಲ್ಲಿತ್ತು.

ಆಮೇಲಿನ ಭಾನುವಾರಗಳಲ್ಲಿ ಕಾಕಾನೂ ಬರತೊಡಗಿದ. ಲೇತಿನಲ್ಲಿ ಸಿಲಿಂಡರ್ ಕೊರೆಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಿದರು. ಗಾಡಿ ಶುರುವಾದ ದಿನ ದಾದಾನಿಗೆ ಕಿಕ್ ಹೊಡೆಯಲು ಆಗದು, ಕಾಕಾ ಹೊಡೆದ. ಇಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ದಾದಾ ಹೊಲದ ದಂಡೆಗುಂಟ ನಿಧಾನಕ್ಕೆ ಒಂದು ಸುತ್ತು ಹೋಗಿಬಂದ. ಇಳಿದವನೇ ಕಾರ್ಬುರೇಟರ್ ಸರಿಯಿಲ್ಲ ಎಂದ. ಕಾಕಾ ಗಾಡಿ ಸರಿ ಇದೆ, ಓಡಿಸುವವನೇ ಸರಿಯಿಲ್ಲ ಎಂದ. ಸ್ಕ್ರೂಡ್ರೈವರ್‌ಗೆ ಇಬ್ಬರೂ ಕೈ ಹಾಕಿದರು. "ಬಿಡ, ನಿನಗ ತಿಳಿಯೂದಿಲ್ಲ." "ನಿನಗ ತಿಳಿದಿದ್ದ ನಾ ಕಂಡೇನಿ." ನನ್ನ ಬಸ್ಸಿಗೆ ಹೊತ್ತಾಗಿತ್ತು. ಹೇಳಿ ಹೋಗೋಣವೆಂದು ಸ್ವಲ್ಪ ನಿಂತೆ. ಮಾತಿನ ನಡುವೆ ಎಲ್ಲೂ ಸಂದಿ ಸಿಗಲಿಲ್ಲ, ಚೀಲ ಎತ್ತಿಕೊಂಡು ಹೊರಟೆ. ಗೋಡೆಯ ಎರಡೂ ಕಡೆ ಕಿವಿಗೊಟ್ಟು ಇದೇ ಜಗಳಕ್ಕಾಗಿ ಕಾದು ಕಾದು ಹೋದವಳು ಆಯಿ. ಅವಳಿಗೆ ನಿಜ ಹೇಳುವುದು ನನ್ನಿಂದ ಆಗಲೇ ಇಲ್ಲ. ಅದು ಇಷ್ಟೆಲ್ಲ ಆದ ಮೇಲೂ ಹಾಗೆಯೇ ಉಳಿದಿದೆ, ಉಳಿಯಲಿ. ದಾರಿಯ ತಿರುವಿನಲ್ಲಿ ನಿಂತು ಕೇಳಿದೆ. ಇಂಜಿನ್ ನಿಂತಿತ್ತು. ಅವರಿಬ್ಬರ ದನಿ ಮಾತ್ರ ಇನ್ನೂ ಕೇಳಿಸುತ್ತಿತ್ತು.