ನನ್ನ ಹೆಸರಿನಲ್ಲಿ ಅಚ್ಚಾದ ಒಂದು ಸಾಲು

ಮಧ್ಯಾಹ್ನ ಊಟವಾದ ಮೇಲೆ ಸೊಸೆ ಟಿ.ವಿ. ಹಾಕುತ್ತಾಳೆ. ತುರ್ಕಿ ದೇಶದ ಧಾರಾವಾಹಿ, ಮಾತು ಮಾತ್ರ ಹಿಂದಿ. ನೀಲಿ ಸಮುದ್ರ, ದಡದಲ್ಲಿ ಕೆಂಪು ಹಂಚಿನ ಮನೆಗಳು, ಕಣ್ಣು ತುಂಬಿಕೊಂಡ ಚೆಂದದ ಹೆಂಗಸರು. ಶುರುವಿನ ಸಂಗೀತ ಕೇಳಿದೊಡನೆ ನಾನು ಏನಾದರೂ ನೆವ ಮಾಡಿ ಹೊರಗೆ ಹೋಗುತ್ತಿದ್ದೆ. ತುರ್ಕಿಯವರು ನನಗೇನೂ ಅನ್ಯಾಯ ಮಾಡಿಲ್ಲ, ಮಾರಾಯರೇ. ಅನ್ಯಾಯ ಮಾಡಿದವನು ನಾನೇ, ಗಿರಿಜಕ್ಕನಿಗೆ.

ತೊಂಬತ್ತೇಳರಲ್ಲಿ, ಕುಂದಾಪುರದ ಹತ್ತಿರ ಅಳಿವೆ ಬಾಗಿಲಿನಲ್ಲಿರುವ ನಮ್ಮೂರಿನ ಶಾಲೆಗೆ ನೂರು ತುಂಬಿತು. ಸ್ಮರಣ ಸಂಚಿಕೆಗೆ ಊರಿನ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದವನು ಬೆಳಗಾಗುವುದರೊಳಗೆ ಇತಿಹಾಸಕಾರನಾದೆ. ಹೆಗಲಿಗೆ ಬಟ್ಟೆಯ ಚೀಲ, ಕಿಸೆಯಲ್ಲಿ ಎರಡು ಪೆನ್ನು. ಬರೆಯುತ್ತಿದ್ದುದು ಒಂದೇ, ಇನ್ನೊಂದು ತೋರಿಸಲಿಕ್ಕೆ.

ದೋಣಿಗಳು ತಂಗುವ ದಕ್ಕೆಯ ಬದಿಯಲ್ಲಿ ಗಿರಿಜಕ್ಕನ ಮನೆ. ಹರೆಯದಲ್ಲಿ ಮುಂಬಯಿಯಲ್ಲಿದ್ದು ಹಿಂದಿ ಕಲಿತವರು, ಆಮೇಲೆ ಊರಿಗೆ ಬಂದು ಬಲೆ ಹೆಣೆದು ಬದುಕಿದವರು. ಅವರ ಅಪ್ಪ ಮಂಜಿಯ ತಾಂಡೇಲ. ಮಂಜಿಯೆಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿ, ಅದನ್ನು ನಡೆಸುವವನೇ ತಾಂಡೇಲ. ನಮ್ಮೂರ ಹಂಚು ಅದರಲ್ಲೇ ಮುಂಬಯಿಗೆ ಹೋಗುತ್ತಿತ್ತು. ಒಂದು ವರ್ಷ ಮಳೆಗಾಲ ಕಾಲಿಟ್ಟ ಮೇಲೂ ಹೊರಡಲೇಬೇಕೆಂದು ಮಂಜಿಯ ಧಣಿ ಹಟ ಹಿಡಿದರು.

"ಅಪ್ಪಯ್ಯ ಹೋತಿಲ್ಲೆ ಅಂದ್ರ್. ಧಣಿ ಮನಿ ಬಾಗ್ಲಿಗೇ ಬಂದ್ ಬೈದ್ರ್. ನಾ ಕೆಮಿಯಾರೆ ಕೇಂಡಿದೆ," ಎಂದರು ಗಿರಿಜಕ್ಕ.

ಮಂಜಿ ತಿರುಗಿ ಬರಲಿಲ್ಲ. ಅದರಲ್ಲಿದ್ದವರು ಒಂಬತ್ತು ಮಂದಿ. ತಾಂಡೇಲನೇ ಕುಡಿದು ಮುಳುಗಿಸಿದನೆಂದು ಊರಿನಲ್ಲಿ ಸುದ್ದಿ ಹಬ್ಬಿತು.

"ಆ ಸುಳ್ಳೊಂದ್ ತೆಗ್ದ್ ಬಿಡಿ ಮಾಸ್ಟ್ರೇ. ಬೇರೆಂತದೂ ಬ್ಯಾಡ."

ನಾಲ್ಕು ಪುಟ ಬರೆದೆ. ಅಚ್ಚಿಗೆ ಹೋಗುವ ಮೊದಲು ಓದಿದವರು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ಅದೇ ಧಣಿಯ ಮೊಮ್ಮಗ. ಅವರು ಸಿಟ್ಟು ಮಾಡಲಿಲ್ಲ. ಕೂರಿಸಿ, ಬಾಳೆಹಣ್ಣು ಕೊಟ್ಟು, "ಹ್ವಾಯ್ ಮಾಸ್ಟ್ರೇ, ನಿಮ್ ಕೆಲ್ಸ ಇನ್ನೂ ಕಾಯಂ ಆಯ್ಲಿಲ್ಲ ಅಲ್ದಾ?" ಎಂದರು. ಅಷ್ಟೇ. ನಾಲ್ಕು ಪುಟ ಹೋಗಿ ಒಂದು ಸಾಲು ಉಳಿಯಿತು: ತಾಂಡೇಲನ ಕುಡಿತದಿಂದ ಮಂಜಿ ಮುಳುಗಿತು. ಅದನ್ನು ಬರೆದದ್ದು ನನ್ನದೇ ಕೈ.

ಸಂಚಿಕೆ ಹೊರಬಂದ ವಾರ ಗಿರಿಜಕ್ಕ ಶಾಲೆಯ ಮೆಟ್ಟಿಲ ತನಕ ಬಂದರು. ಬಯ್ಯಲಿಲ್ಲ.

"ಸುಳ್ ಇಷ್ಟ್ ದಿನ ಜನ್ರ ಬಾಯಂಗೆ ಇದ್ದಿತ್. ನೀವ್ ಅದನ್ನ ಪುಸ್ತ್ಕಕ್ಕೆ ಹಾಕ್ದ್ರಿ," ಎಂದು ಹೇಳಿ ಹೊರಟುಹೋದರು.

ನನ್ನ ಕೆಲಸ ಕಾಯಂ ಆಯಿತು.

ಎಷ್ಟೋ ವರ್ಷಗಳ ಮೇಲೆ ಮಗನ ಮದುವೆಯ ಕಾಗದ ಹಿಡಿದು ಬ್ರಹ್ಮಾವರಕ್ಕೆ, ಅವರ ಮಗಳ ಮನೆಗೆ ಹೋದೆ. ಹಣ್ಣುಹಣ್ಣು ಮುದುಕಿಯಾಗಿದ್ದ ಗಿರಿಜಕ್ಕ ಟಿ.ವಿ.ಯ ಎದುರು ಕೂತಿದ್ದರು.

"ಕೂಕಣಿ. ತುರ್ಕಿಯವ್ರ ಕತಿ. ದೋಣಿ ಮುಳ್ಗಿ ಸತ್ತವ್ನ ಮಗ್ಳ್, ಅಪ್ಪಯ್ಯನ್ ತಪ್ಪಲ್ಲ ಅಂತ ಊರಿಡೀ ಹೇಳ್ತಾ ತಿರ್ಗತ್ತ್. ಯಾರೂ ಕೇಂತಿಲ್ಲೆ."

"ಗಿರಿಜಕ್ಕ, ಆ ಸಂಚಿಕೆ ಇತ್ತಲ್ಲ..." ಎಂದು ತೊಡಗಿದೆ.

"ಸ್ವಲ್ಪ ಸುಮ್ನಿರಿ. ಆ ಹೆಣ್ಣ್ ಎಂತ ಹೇಳತ್ತ್ ಕೇಂಬ," ಎಂದು ಶಬ್ದ ಹೆಚ್ಚಿಸಿದರು.

ಕಾಗದ ಮೇಜಿನ ಮೇಲಿಟ್ಟು ಎದ್ದು ಬಂದೆ. ಮರುವರ್ಷ ಅವರು ತೀರಿಕೊಂಡರು.

ನಿನ್ನೆ ಮಾತ್ರ ನಾನು ಹೊರಗೆ ಹೋಗಲಿಲ್ಲ. "ಮಾವಯ್ಯ, ನಿಮ್ಗೆ ಈ ಧಾರಾವಾಹಿ ಕಂಡ್ರೆ ಆತಿಲ್ಲೆ ಅಲ್ದಾ?" ಎಂದು ಸೊಸೆ ಕೇಳಿದಳು. ಯಾಕೆಂದು ಹೇಳಿದೆ, ಯಾರಿಗೂ ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳಿದೆ. ಅವಳು ಟಿ.ವಿ. ಆರಿಸಿ ಕೇಳಿಸಿಕೊಂಡಳು.

"ಮತ್ತೆ ಯಾವಾಗ್ಲಾದ್ರೂ ತಿದ್ದಿ ಬರ್ದ್ರ್ಯಾ?"

"ಇಲ್ಲ."

"ಕೆಲ್ಸ ಕಾಯಂ ಆದ್ಮೇಲೂ?"



ಸಂಜೆ ಚಹಾ ಬಂತು. ದಿನವೂ ಎದುರು ಕೂತು ಹತ್ತು ಮಾತಾಡುವ ಹುಡುಗಿ ಲೋಟ ಇಟ್ಟು ಒಳಗೆ ಹೋದಳು. ಕರೆಯಲು ಬಾಯಿ ತೆರೆದೆ. ಕರೆದರೆ ಪಾಪ, ಬರುತ್ತಿದ್ದಳು. ಕರೆಯಲಿಲ್ಲ.