ಕುರ್ಚಿ ದಪ್ಪ, ಅಪ್ಪ ತೆಳು

ಅಪ್ಪನ ಚಿತ್ರ ಬರೆಯಬೇಕೆಂಬ ಆಸೆ ನನಗೇನೂ ಇರಲಿಲ್ಲ. ಎದುರಿಗೆ ಕೂಡಲು ಬೇರೆ ಯಾರೂ ಸಿಗಲಿಲ್ಲ, ಅಷ್ಟೇ. ಚಿತ್ರಕಲೆ ಕಾಲೇಜಿನ ಕೊನೆಯ ವರ್ಷ. ಪ್ರದರ್ಶನದ ದಿನ ಹತ್ತಿರ ಬರುತ್ತಿತ್ತು, ನನ್ನ ಕೈಯಲ್ಲಿ ನನ್ನದು ಅನ್ನುವಂಥ ಒಂದು ಗೆರೆಯೂ ಇರಲಿಲ್ಲ. ನಮ್ಮ ಗುರುಗಳು ತೆಲುಗಿನವರು. ಏನೇ ತೋರಿಸಲಿ, ಕನ್ನಡಕ ಹಣೆಗೇರಿಸಿ ನೋಡಿ, ‘ಬಾಗುಂದಿ, ಕಾನೀ ನೀದಿ ಕಾದು’ ಅನ್ನುತ್ತಿದ್ದರು. ಚೆನ್ನಾಗಿದೆ, ಆದರೆ ನಿನ್ನದಲ್ಲ. ಬಯ್ದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಚೆನ್ನಾಗಿದೆ ಅನ್ನುತ್ತಲೇ ಕೊಲ್ಲುವವರಿಗೆ ಏನು ಹೇಳುವುದು?

ನಾನೂ ಸುಮ್ಮನೆ ಕೂತವಳಲ್ಲ. ಮಾಡದ ಆಟವಿಲ್ಲ. ದಖನಿ ಶೈಲಿಯ ಹಳೆಯ ಚಿಕಣಿ ಚಿತ್ರಗಳನ್ನು ನೋಡಿಕೊಂಡು ಕಣ್ಣು ನೋಯುವಷ್ಟು ಸಣ್ಣ ಗೆರೆ ಎಳೆದೆ. ಅದು ಬೇಸರವಾಗಿ, ಗೋಡೆಗೆ ಗಾರೆ ಮೆತ್ತುವ ಹಾಗೆ ಚಾಕುವಿನಿಂದ ಬಣ್ಣ ಮೆತ್ತಿದೆ. ಗಚ್ಚಿಬೌಲಿಯ ಬಂಡೆ ಬರೆದೆ. ಹೈದರಾಬಾದಿನಲ್ಲಿ ಚಿತ್ರ ಕಲಿಯುವವರು ಬಂಡೆಯನ್ನು ಬಿಡುವುದಿಲ್ಲ. ಒಡೆದವರಿಗಿಂತ ಬರೆದವರೇ ಹೆಚ್ಚು. ಎಡಗೈಯಲ್ಲಿ ಬರೆದೆ. ಕೆಲವು ದಿನ ಬರೀ ನೀಲಿ, ಕೆಲವು ದಿನ ಬರೀ ಇದ್ದಿಲು. ಬೆಳಿಗ್ಗೆ ಹೊಳೆದದ್ದು ಸಂಜೆಗೆ ಹಳಸುತ್ತಿತ್ತು. ತಲೆ ಕೆಟ್ಟು ಮೊಸರುಗಡಿಗೆ ಆಗಿತ್ತು. ಗೇಮ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಹಿರಿಯ ಗೆಳತಿ, ‘ಇಲ್ಲಿ ಬಾ, ಆಟದ ಹಿನ್ನೆಲೆಗೆ ಗುಡ್ಡ, ಆಕಾಶ ಬರೆಯುವವರು ಬೇಕಾಗಿದ್ದಾರೆ. ಯಾರ ಕೈ ಅಂತ ಗೊತ್ತಾಗದಿದ್ದರೇ ಇಲ್ಲಿ ಒಳ್ಳೆಯದು’ ಅಂದಿದ್ದಳು. ಈ ಪ್ರದರ್ಶನದಲ್ಲೂ ಗುರುಗಳು ಅದೇ ಮಾತು ಹೇಳಿದರೆ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆಸೆದು ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೆ.

ಅದೇ ವರ್ಷ ಅಪ್ಪ ನಿವೃತ್ತನಾದ. ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ವಯಸ್ಸೆಲ್ಲ ಸವೆಸಿದವನು. ಅಲ್ಲಿ ಏನು ತಯಾರಾಗುತ್ತದೆಂದು ಮನೆಯಲ್ಲಿ ಬಾಯಿಬಿಟ್ಟವನಲ್ಲ. ನೌಕರಿ ಮುಗಿದ ಮೇಲೆ ಕ್ವಾರ್ಟರ್ಸ್ ಬಿಟ್ಟು ಕೊಂಡಾಪುರದ ಅಪಾರ್ಟ್‌ಮೆಂಟಿಗೆ ಬಂದೆವು. ಕ್ವಾರ್ಟರ್ಸಿನಲ್ಲಿ ಅಪ್ಪ ಹೊರಗೆ ಕಾಲಿಟ್ಟರೆ ಸಾಕು, ‘ಏನ್ರಿ, ಆರಾಮ್ರೀ?’ ಅನ್ನುವ ನಮ್ಮ ಕಡೆಯವರು ಸಾಲುಗಟ್ಟುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಸಿಗುವ ಹುಡುಗ ಹುಡುಗಿಯರು ಕಿವಿಗೆ ಏನೋ ಸಿಕ್ಕಿಸಿಕೊಂಡು ಫೋನ್ ನೋಡುತ್ತ ನಿಂತಿರುತ್ತಾರೆ. ಹೋಗಲು ಎಲ್ಲೂ ಇಲ್ಲದ ಅಪ್ಪ ಮನೆಯೊಳಗೇ ನಡೆಯತೊಡಗಿದ. ನಡುಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ, ಅಲ್ಲಿಂದ ಮುಂಬಾಗಿಲಿಗೆ, ಮತ್ತೆ ನಡುಮನೆಗೆ.

‘ಬಾಲಾ ಸುಟ್ಟ ಬೆಕ್ಕಿನಂಗ ಯಾಕ ತಿರಗತೀರಿ? ಒಂದ ಕಡೆ ಕೂಡ್ರಿ’ ಎಂದು ಅವ್ವ ರೇಗುತ್ತಿದ್ದಳು. ಅಪ್ಪ ಕೂಡುತ್ತಿದ್ದ. ಅವ್ವ ಒಳಗೆ ಹೋಗುವುದರೊಳಗೆ ಎದ್ದಿರುತ್ತಿದ್ದ.

ಇಂಥವನನ್ನು ಕೂರಿಸಿಕೊಂಡು ಬರೆಯಲು ಹೊರಟೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು! ಕಿಟಕಿಯ ಪಕ್ಕ ಮರದ ಕುರ್ಚಿ ಹಾಕಿ ಕೂರಿಸಿದೆ.

‘ಅಪ್ಪಾ, ಒಂದೀಟ ಅಳಗಾಡಬ್ಯಾಡ.’

‘ನಾ ಎಲ್ಲಿ ಅಳಗಾಡಾಕತ್ತೀನಿ? ಕಲ್ಲಿನಂಗ ಕೂತೀನಿ ನೋಡು’ ಅಂದವನು ಮಾತು ಮುಗಿಯುವ ಮೊದಲೇ ಎದ್ದ. ಕೆಳಗೆ ಯಾವುದೋ ಕ್ಯಾಬ್ ಹಾರ್ನ್ ಹೊಡೆದಿತ್ತು. ‘ತಡಿ, ಯಾರ ಬಂದಾರ ನೋಡಿ ಬರತೀನಿ.’

‘ಯಾರ ಬಂದ್ರ ನಮಗೇನ ಆಗಬೇಕಾಗೈತಿ?’

‘ಹಂಗಲ್ಲವಾ, ನೋಡಿದ್ರೇನ ತಪ್ಪು?’

ಮೂಗು ಬರೆದು ಕಣ್ಣಿಗೆ ಬರುವಷ್ಟರಲ್ಲಿ ಆ ಮೂಗು ಬಾಲ್ಕನಿಯಲ್ಲಿರುತ್ತಿತ್ತು. ಮರಳಿ ಬಂದು ಕೂತರೆ ಭುಜ ಬೇರೆ, ಕುತ್ತಿಗೆ ಬೇರೆ. ಬಟ್ಟೆಯಿಂದ ಒರೆಸುವುದು, ಮತ್ತೆ ಶುರು ಮಾಡುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿತು. ‘ಹೋಗು, ಎಲ್ಲಿ ಬೇಕಾದಲ್ಲಿ ಹೋಗು. ನಾನೂ ನಿನ್ನ ಹಿಂದ ಬರತೀನಿ’ ಎಂದು ಕೂಗಿ, ಕುರ್ಚಿಯಲ್ಲಿದ್ದ ಅರ್ಧ ಅಪ್ಪನನ್ನು ಒರೆಸದೆ ಹಾಗೇ ಬಿಟ್ಟೆ. ಅದೇ ಕ್ಯಾನ್ವಾಸಿನ ಮೇಲೆ ಬಾಲ್ಕನಿಯಲ್ಲಿ ನಿಂತ ಅಪ್ಪನನ್ನು ಬರೆದೆ. ಅಡುಗೆಮನೆಯಲ್ಲಿ ಇಣುಕಿದ, ಅಲ್ಲೂ ಬರೆದೆ. ಮುಂಬಾಗಿಲ ಚಿಲಕ ಮುಟ್ಟಿ ನೋಡಿದ, ಅದನ್ನೂ ಬರೆದೆ. ತಿರುಗಿ ಬಂದು ನಡುಮನೆಯ ಮಧ್ಯೆ ನಿಂತ, ಅವನನ್ನೂ ಸೇರಿಸಿದೆ. ಸಂಜೆ ಹೊತ್ತಿಗೆ ಒಂದೇ ಕ್ಯಾನ್ವಾಸಿನಲ್ಲಿ ಐದು ಜನ ಅಪ್ಪಂದಿರು ತುಂಬಿಕೊಂಡಿದ್ದರು.

ನೋಡಿದರೆ ಶುದ್ಧ ಬಸ್ ಸ್ಟ್ಯಾಂಡು. ಎಸೆಯಬೇಕೆಂದು ಎತ್ತಿದೆ, ಎಸೆಯಲಾಗಲಿಲ್ಲ. ಮರುದಿನದಿಂದ ಅದರ ಬೆನ್ನು ಹತ್ತಿದೆ. ಕೊನೆಯ ಅಪ್ಪನನ್ನು ಗಟ್ಟಿ ಬಣ್ಣದಲ್ಲಿ, ಉಳಿದವರನ್ನು ಮಸುಕಾಗಿ ಬರೆದೆ. ದೆವ್ವದ ಕಥೆಯ ಚಿತ್ರದಂತಾಯಿತು. ಐವರನ್ನೂ ಒಂದೇ ಸಮ ಬರೆದೆ. ಯಾರದೋ ಮದುವೆಗೆ ಬಂದ ಅಣ್ಣತಮ್ಮಂದಿರಂತೆ ಕಂಡರು. ಊಟ ಸೇರುತ್ತಿರಲಿಲ್ಲ, ಅವ್ವ ಕರೆದರೆ ಹರಿಹಾಯುತ್ತಿದ್ದೆ. ಕೊನೆಗೆ ಬಣ್ಣಕ್ಕೆ ಟರ್ಪೆಂಟೈನ್ ಹೆಚ್ಚು ಬೆರೆಸಿ, ಅಪ್ಪನ ಹಿಂದಿನ ಗೋಡೆ ಅಪ್ಪನೊಳಗಿಂದಲೇ ಕಾಣುವಷ್ಟು ತೆಳ್ಳಗೆ ಬಳಿದು, ಅರ್ಧಂಬರ್ಧ ಒರೆಸಿದೆ. ಆಗ ಕುರ್ಚಿ ಹೇಗಿರಬೇಕೆಂದು ಕೈಗೇ ಗೊತ್ತಾಯಿತು. ಚಾಕು ತೆಗೆದುಕೊಂಡು ಕುರ್ಚಿ, ಬಾಗಿಲು, ಚಿಲಕ, ಫ್ರಿಜ್ಜು ಎಲ್ಲವನ್ನೂ ಮುಟ್ಟಿದರೆ ಕೈಗೆ ಹತ್ತುವಷ್ಟು ದಪ್ಪ ಮೆತ್ತಿದೆ. ಮನೆಯ ಸಾಮಾನಿಗೆಲ್ಲ ತೂಕವಿತ್ತು, ಅವುಗಳ ನಡುವೆ ತಿರುಗುವ ಮನುಷ್ಯನಿಗೆ ಇರಲಿಲ್ಲ. ಕುರ್ಚಿ ದಪ್ಪ, ಅಪ್ಪ ತೆಳು. ಇಷ್ಟೇ. ಇದನ್ನು ನನಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಖುಷಿ ತಡೆಯದೆ ಚಾಕು ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅಪ್ಪ ಬಂದು ನೋಡಿದ. ‘ಏನವಾ ಇದು, ಐದ ತಲಿ! ರಾವಣನಕಿಂತ ಅರ್ಧಾ ಕಮ್ಮಿ’ ಎಂದು ನಕ್ಕ. ನಕ್ಕನೇ ಹೊರತು ಮುಖ ಸಣ್ಣದಾಗಿತ್ತು. ತಾನು ಸರಿಯಾಗಿ ಕೂಡದ್ದಕ್ಕೇ ಮಗಳ ಚಿತ್ರ ಕೆಟ್ಟಿತು ಅಂದುಕೊಂಡ. ಅದಕ್ಕೆ ಅವ್ವ ಬೇರೆ ತುಪ್ಪ ಸುರಿದಳು: ‘ಮತ್ತ, ಆಕೀ ಪಾಸು ನಾಪಾಸು ನಿಮ್ಮ ಮ್ಯಾಲ ನಿಂತೈತಿ.’

ಮರುದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ನಾನು ಕರೆಯುವ ಮೊದಲೇ ಕುರ್ಚಿಯಲ್ಲಿ ಬಂದು ಕೂತ. ಎರಡೂ ಕೈ ತೊಡೆಯ ಮೇಲೆ. ಕೆಳಗೆ ಹಾರ್ನ್ ಹೊಡೆದರು, ಅಪ್ಪನ ಕಣ್ಣು ಅತ್ತ ಹೋಗಿ ಮರಳಿ ಬಂತು. ಬಾಗಿಲು ಬಡಿದರು, ಏಳಲಿಲ್ಲ. ಬೇಡ ಅನ್ನಲು ಮನಸ್ಸಾಗದೆ ಬರೆದೆ. ಮೂಗು, ಕಣ್ಣು, ಅಂಗಿಯ ಗುಂಡಿ, ಎಲ್ಲವೂ ಇದ್ದಲ್ಲೇ ಇದ್ದವು. ಚಿತ್ರ ಅಪ್ಪನ ಹಾಗೇ ಬಂತು, ಗುರುತಿನ ಚೀಟಿಯ ಫೋಟೋ ದೊಡ್ಡದು ಮಾಡಿದ ಹಾಗೆ. ಅದರಲ್ಲಿ ಜೀವ ಒಂದು ಬಿಟ್ಟು ಎಲ್ಲ ಇತ್ತು.

‘ಹಾಂ, ಇದು ನಾನು ನೋಡು! ಭಾಳ ಛಲೋ ಬಂತು. ಇದನ್ನ ಇಡು ನಿಮ್ಮ ಕಾಲೇಜಿನ್ಯಾಗ’ ಎಂದು ಅಪ್ಪ ಹುಡುಗನಂತೆ ಹಿಗ್ಗಿದ.

ಪ್ರದರ್ಶನದಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಗೋಡೆ, ಒಂದೇ ದೊಡ್ಡ ಚಿತ್ರ. ಯಾವುದನ್ನು ಒಯ್ಯುವುದು? ಕೂತ ಅಪ್ಪನನ್ನು ಒಯ್ದರೆ ಗುರುಗಳು ಏನು ಹೇಳುತ್ತಾರೆಂದು ಗೊತ್ತಿತ್ತು. ಐವರನ್ನು ಒಯ್ದರೆ ಅಪ್ಪ ಏನೂ ಹೇಳುವುದಿಲ್ಲ, ಅದೂ ಗೊತ್ತಿತ್ತು. ಎರಡು ದಿನ ನಾನೂ ಅಪ್ಪನ ಹಾಗೇ ಮನೆಯೊಳಗೆ ಸುತ್ತಿದೆ. ಆಮೇಲೆ ಗಟ್ಟಿ ಮನಸ್ಸು ಮಾಡಿ ಐದು ಜನ ಅಪ್ಪಂದಿರನ್ನೇ ಒಯ್ದೆ. ಮತ್ತೊಂದನ್ನು ನಡುಮನೆಯಲ್ಲಿ ತೂಗುಹಾಕಿ, ‘ಇದು ಮನಿಗೆ ಬೇಕಪ್ಪಾ’ ಅಂದೆ. ‘ಅಡ್ಡಿಯಿಲ್ಲ, ನಿನಗ ಹ್ಯಾಂಗ ತಿಳೀತದ ಹಂಗ ಮಾಡು’ ಅಂದ.

ಗುರುಗಳು ಚಿತ್ರದ ಮುಂದೆ ನಿಂತರು. ಕನ್ನಡಕ ಹಣೆಗೇರಿಸಲಿಲ್ಲ. ಬಹಳ ಹೊತ್ತು ನೋಡಿ ‘ಇದಿ ನೀದೇ’ ಅಂದರು. ಇದು ನಿನ್ನದೇ. ಅಷ್ಟು ಹೇಳಿ ಮುಂದಿನ ಗೋಡೆಗೆ ನಡೆದರು. ನನಗೆ ಕಿರುಚಬೇಕೆನಿಸಿತು. ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಲ್ಲಿ ಅಪ್ಪ ಅವ್ವ ಕಂಡದ್ದೇ ತಡ, ಓಡಿಹೋಗಿ ಕೈಹಿಡಿದು ಎಳೆದು ತಂದೆ.

ಅಪ್ಪ ಚಿತ್ರದ ಹತ್ತಿರ ಹೋದ. ಅಕ್ಕಪಕ್ಕದವರು ಚಿತ್ರ ನೋಡಿ, ಅಪ್ಪನ ಮುಖ ನೋಡಿ ಗುರುತು ಹಿಡಿದು ನಕ್ಕರು. ಅಪ್ಪನೂ ಅವರಿಗೆ ಕೈಮುಗಿದ. ಆಮೇಲೆ ಒಬ್ಬೊಬ್ಬ ಅಪ್ಪನನ್ನೂ ಹುಡುಕಿ ಹುಡುಕಿ ನೋಡಿದ. ಬಾಲ್ಕನಿಯವನನ್ನು, ಅಡುಗೆಮನೆಯವನನ್ನು, ಚಿಲಕದ ಹತ್ತಿರದವನನ್ನು.

‘ನಾ ಮನ್ಯಾಗ ಹಿಂಗ ತಿರಗತೀನೇನವಾ?’

‘ಮತ್ತ?’ ಎಂದು ನಾನು ನಕ್ಕೆ. ಇನ್ನೂ ಗುರುಗಳ ಮಾತಿನ ಅಮಲಿನಲ್ಲೇ ಇದ್ದೆ.

‘ನನಗ ಗೊತ್ತ ಇರಲಿಲ್ಲ ನೋಡು. ನಿಮಗ ಭಾಳ ತ್ರಾಸ ಆಗಿರಬೇಕು’ ಅಂದ.

ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬಸ್ಸಿನಲ್ಲಿ ಯಾರದೋ ಕಾಲು ತುಳಿದವರು ಹೇಳುವ ಹಾಗೆ ಹೇಳಿದ.

ಅಂದಿನಿಂದ ಅಪ್ಪ ಕೂಡತೊಡಗಿದ. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತರೆ ಊಟಕ್ಕೇ ಏಳುತ್ತಿದ್ದ. ಟಿವಿ ಹಚ್ಚಿದರೆ ನೋಡುತ್ತಿದ್ದ, ಆರಿಸಿದರೆ ಗೋಡೆ ನೋಡುತ್ತಿದ್ದ. ಮೊದಲ ದಿನ ಅವ್ವ ‘ಅಂತೂ ಬುದ್ಧಿ ಬಂತು’ ಅಂದಳು. ಅಪ್ಪನ ಚಪ್ಪಲಿಯ ಸದ್ದು ಕೇಳದೆ ನಾನು ಆಗಾಗ ಬಂದು ನಡುಮನೆಗೆ ಇಣುಕುತ್ತಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಹೆಂಗರ ಮಾಡಿ ಅವರನ್ನ ಎಬ್ಬಸು’ ಅಂದಳು. ಕಣ್ಣಲ್ಲಿ ನೀರಿತ್ತು.

ಖಾಲಿ ಕ್ಯಾನ್ವಾಸು ಹಿಡಿದು ಅಪ್ಪನ ಮುಂದೆ ಹೋಗಿ ನಿಂತೆ.

‘ಅಪ್ಪಾ, ಏಳು. ಹೊಸಾ ಚಿತ್ರಾ ಶುರು ಮಾಡಬೇಕು.’

‘ಏಳೂದ್ಯಾಕ? ಕೂತೀನಲ್ಲ, ಬರಿ.’

‘ನೀ ಕೂತ್ರ ನನಗ ಬರಿಯಾಕ ಬರಂಗಿಲ್ಲಪ್ಪಾ. ತಿರಗು. ನಮಗೇನೂ ತ್ರಾಸಿಲ್ಲ, ನಿನ್ನಾಣಿಗೂ ಇಲ್ಲ.’

ಅಪ್ಪ ನನ್ನ ಮುಖವನ್ನೇ ನೋಡಿದ. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ. ಬಾಲ್ಕನಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ನಡುಮನೆಯ ಮಧ್ಯದಲ್ಲೇ ನಿಂತುಕೊಂಡ.

‘ಎದ್ದೆ. ಈಗ ಎಲ್ಲಿ ಹೋಗ್ಲಿ, ಹೇಳು?’

ತಮಾಷೆ ಅಂದುಕೊಂಡು ನಾನು ನಗಲು ಹೋದೆ. ಅಪ್ಪ ನಿಜವಾಗಿಯೇ ಕೇಳುತ್ತಿದ್ದ.